ಮಳೆಗಾಲ ಕಳೆದ ಮೇಲೆ ಪ್ರೊಪೆಲರ್ ಯಾಕೆ ನಡುಗುತ್ತದೆ?

ಪ್ರಶ್ನೆ: ನಮ್ಮ ಪ್ಯಾರಾಮೋಟರ್‌ಗೆ (ಪ್ಯಾರಾಗ್ಲೈಡರ್ ಜೊತೆ ಹಾರಲು ಬಳಸುವ ಸಣ್ಣ ಎಂಜಿನ್) ಮರದ, ಎರಡು ಬ್ಲೇಡಿನ ಪ್ರೊಪೆಲರ್ ಇದೆ. ಮಳೆ ಶುರುವಾದಾಗ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೆವು. ಈಗ ಸ್ಟಾರ್ಟ್ ಮಾಡಿದರೆ ವಿಪರೀತ ನಡುಕ. ಎಂಜಿನ್ ಬಿಚ್ಚಿಸಬೇಕಾ?
– ಓದುಗರೊಬ್ಬರು, ಮಾಜಾಳಿ, ಕಾರವಾರ

ಉತ್ತರ: ಸದ್ಯಕ್ಕೆ ಎಂಜಿನ್ ತಂಟೆಗೆ ಹೋಗಬೇಡಿ. ಗೋಡೆಗೆ ಒರಗಿಸಿದಾಗ ಒಂದು ಬ್ಲೇಡ್ ಮೇಲೆ, ಇನ್ನೊಂದು ಕೆಳಗೆ ಇತ್ತಾ? ಹಾಗಿದ್ದರೆ ನನ್ನ ಅನುಮಾನ ಅಲ್ಲೇ. ಮರ ಗಾಳಿಯಲ್ಲಿರುವ ತೇವ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಕೇಳೋದೇ ಬೇಡ, ಹಾಗೆ ಹೀರಿದ ತೇವ ಕೆಳಗಿನ ಬ್ಲೇಡಿಗೆ ಇಳಿದು ಆ ಕಡೆ ಭಾರ ಜಾಸ್ತಿಯಾಗುತ್ತದೆ. ಅಡ್ಡ ಇಟ್ಟಿದ್ದರೆ ಈ ತಾಪತ್ರಯ ಇರಲಿಲ್ಲ.

ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಳಚಿ. ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು, ಬೆರಳು ಹೋದೀತು. ಪ್ರೊಪೆಲರ್ ಬಿಚ್ಚಿ, ನಡುವಿನ ತೂತಿಗೆ ಸರಿಯಾಗಿ ಕೂರುವ ನಯವಾದ ಸರಳು ತೂರಿಸಿ, ಎರಡು ಸಮಮಟ್ಟದ ಅಂಚುಗಳ ಮೇಲೆ ಅಡ್ಡಲಾಗಿ ಇಡಿ. ಫ್ಯಾನ್ ಬಂದ್ ಇರಲಿ. ಪ್ರತಿ ಸಲ ಒಂದೇ ಬ್ಲೇಡ್ ಕೆಳಗೆ ಬಂದು ನಿಂತರೆ ಭಾರ ಅದರಲ್ಲೇ. ಒಳಗೆ, ಒಣ ಜಾಗದಲ್ಲಿ ಕೆಲವು ದಿನ ಮಲಗಿಸಿಟ್ಟು ಮತ್ತೆ ನೋಡಿ. ಬಿಸಿಲಿಗೆ ಮಾತ್ರ ಬೇಡ, ಬಿರುಕು ಬಿಡುತ್ತದೆ. ಆಮೇಲೂ ವಾಲಿದರೆ ಹಗುರ ಬ್ಲೇಡಿನ ತುದಿಗೆ ತೆಳ್ಳಗೆ ವಾರ್ನಿಶ್ ಹೊಡೆದು ಸರಿದೂಗಿಸಬಹುದು.

ಬಿಚ್ಚಿದಾಗಲೇ ಬೋಲ್ಟ್ ಕೂರುವ ಜಾಗವನ್ನೂ ನೋಡಿ. ಮಳೆಗಾಲದಲ್ಲಿ ಉಬ್ಬಿದ ಮರ ಒಣಗುತ್ತಾ ಕುಗ್ಗುತ್ತದೆ, ಆಗ ಬೋಲ್ಟ್ ಒಂದು ಸುತ್ತೂ ತಿರುಗದೆ ಹಿಡಿತ ಕಳೆದುಕೊಳ್ಳುತ್ತದೆ. ಹಬ್ (ಪ್ರೊಪೆಲರ್‌ನ ನಡುಭಾಗ) ಮುಖದ ಮೇಲೆ ಸುಟ್ಟ ಹಾಗೆ ಕಪ್ಪು ಕಲೆ ಇದ್ದರೆ ಪ್ರೊಪೆಲರ್ ಸಡಿಲವಾಗಿ ಉಜ್ಜಾಡಿದೆ ಅಂತಲೇ ಅರ್ಥ. ಮತ್ತೆ ಕೂರಿಸುವಾಗ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಬೇಕೇ ಬೇಕು. ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ, ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸುಮ್ನೆ ಜೋರಾಗಿ ಬಿಗಿದರೆ ಮರವೇ ನಜ್ಜಾಗುತ್ತದೆ. ಕೊನೆಗೆ ಬ್ಲೇಡಿನ ತುದಿಯ ಹತ್ತಿರ ಒಂದು ಕಡ್ಡಿ ನಿಲ್ಲಿಸಿ ಕೈಯಲ್ಲಿ ತಿರುಗಿಸಿ. ಎರಡೂ ತುದಿಗಳು ಕಡ್ಡಿಯ ಮುಂದೆ ಒಂದೇ ಜಾಗದಲ್ಲಿ ಹಾದುಹೋಗಬೇಕು, ಹಿಂದೆಮುಂದೆ 1.5 ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ.

ಬೀಚಿನ ಮರಳು ಬಡಿದು ಆದ ಸಣ್ಣ ಗಾಯವನ್ನು ಎಪಾಕ್ಸಿ ತುಂಬಿ ಉಜ್ಜಿ ಸರಿಮಾಡಬಹುದು. ಹಬ್ ಬಳಿ ಬಿರುಕು, ಮರದ ಪದರ ಬಿಟ್ಟುಕೊಂಡದ್ದು ಕಂಡರೆ ಹೊಸದು ತನ್ನಿ, ಅಂಟು ಹಚ್ಚಿ ಹಾರುವ ಸಾಹಸ ಬೇಡ. ಇಷ್ಟೆಲ್ಲ ಆದ ಮೇಲೂ ನಡುಕ ಉಳಿದರೆ ಎಂಜಿನ್ ಕೂರಿಸಿದ ರಬ್ಬರ್‌ಗಳನ್ನು ನೋಡಿ. ಅಂದ ಹಾಗೆ, ನೌಕಾನೆಲೆ ಪಕ್ಕದಲ್ಲೇ ಇದೆ, ಹಾರೋಕೆ ಅನುಮತಿ ತಗೊಂಡಿದ್ದೀರಿ ಅಲ್ವಾ?

ಪ್ರಶ್ನೆ: ಕಾರವಾರ ಬೀಚಿನಲ್ಲಿಟ್ಟಿರುವ ಟುಪೊಲೆವ್ ವಿಮಾನದ ಒಂದೊಂದು ಎಂಜಿನ್‌ಗೂ ಎರಡೆರಡು ಪ್ರೊಪೆಲರ್ ಯಾಕೆ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ನಾಲ್ಕು ಬ್ಲೇಡಿನ ಎರಡು ಪ್ರೊಪೆಲರ್‌ಗಳು ಒಂದರ ಹಿಂದೊಂದು, ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮುಂದಿನದು ಗಾಳಿಯನ್ನು ಸುತ್ತಿಸಿ ವ್ಯರ್ಥ ಮಾಡುವ ಶಕ್ತಿಯನ್ನು ಹಿಂದಿನದು ತಳ್ಳುವ ಬಲವಾಗಿ ಬದಲಿಸುತ್ತದೆ. ಸದ್ದು ಮಾತ್ರ ಭಯಂಕರ. ನಮ್ಮ ನೌಕಾಪಡೆ 1988ರಿಂದ 2017ರವರೆಗೆ ಈ ಟಿಯು-142 ವಿಮಾನಗಳನ್ನು ಹಾರಿಸಿತು.