ಗಸೋಲ್ ಎದುರು ಎಂಬೀಡ್‌ಗೆ ಯಾಕೆ ಕೈಕಟ್ಟಿದಂತಾಗುತ್ತಿತ್ತು?

ಬೇರೆ ತಂಡಗಳ ಮೇಲೆ ಸಲೀಸಾಗಿ 30 ಪಾಯಿಂಟ್ ಹೊಡೆಯುತ್ತಿದ್ದ, ಎನ್‌ಬಿಎ (ಉತ್ತರ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡ ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್, ಟೊರಾಂಟೊ ರ್‍ಯಾಪ್ಟರ್ಸ್ ಎದುರು ಪೋಸ್ಟ್‌ನಲ್ಲಿ (ಬುಟ್ಟಿಯ ಹತ್ತಿರ, ಅದಕ್ಕೆ ಬೆನ್ನು ಮಾಡಿ ಆಡುವ ಜಾಗದಲ್ಲಿ) ಯಾಕೆ ಅಷ್ಟು ಪರದಾಡುತ್ತಿದ್ದ, ಏಳಡಿ ಆಳನ್ನು ತಡೆಯೋದಾದರೂ ಹೇಗೆ ಅಂತ ಕೇಳಿದ್ದೀರಿ. ಕಾಲೇಜು ತಂಡದಲ್ಲಿ ಮೂರು ವರ್ಷ ಪಿವೋಟ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಆಗಿ ಆಡಿದವನು ನಾನು, ಹಾಗಾಗಿ ಇದು ನನಗೆ ತುಂಬಾ ಹತ್ತಿರದ ಪ್ರಶ್ನೆ.

ನಾವು ಸಾಮಾನ್ಯವಾಗಿ ನೋಡೋದು ಶಾಟ್ ಹೊಡೆದ ಕ್ಷಣವನ್ನು. ಬ್ಲಾಕ್ ಆಯ್ತಾ, ರಿಮ್‌ಗೆ ಬಡಿಯಿತಾ ಅಂತ. ಆದರೆ ಪೋಸ್ಟ್ ಆಟ ಕೆಡೋದು ಅದಕ್ಕೂ ಮೊದಲು, ಚೆಂಡು ಇನ್ನೂ ಅದನ್ನು ಪಾಸ್ ಮಾಡುವ ಗಾರ್ಡ್ ಕೈಯಲ್ಲೇ ಇರುವಾಗ. ಆಗ ಟೊರಾಂಟೊದ ಪಿವೋಟ್ ಮಾರ್ಕ್ ಗಸೋಲ್ ಏನು ಮಾಡುತ್ತಿದ್ದ ನೋಡಿ. ಮಂಡಿ ಬಗ್ಗಿಸಿ, ಸೊಂಟವನ್ನು ಎಂಬೀಡ್‌ನ ಸೊಂಟಕ್ಕಿಂತ ಕೆಳಗಿಟ್ಟು, ಮುಂಗೈಯನ್ನು ಅವನ ಬೆನ್ನಿಗೆ ಒತ್ತಿ ನಿಲ್ಲುತ್ತಿದ್ದ. ಅಷ್ಟೇ. ಎಂಬೀಡ್ ಬುಟ್ಟಿಯ ಪಕ್ಕದಲ್ಲಿ ಹಿಡಿಯಬೇಕಾದ ಚೆಂಡನ್ನು ಎರಡು ಹೆಜ್ಜೆ ಹೊರಗೆ ಹಿಡಿಯಬೇಕಾಗುತ್ತಿತ್ತು.

ಎರಡು ಹೆಜ್ಜೆ ಅಂದರೆ ಏನು ಮಹಾ ಅನಿಸಬಹುದು. ಒಳಗೆ ಸಿಕ್ಕರೆ ಒಂದು ಡ್ರಿಬಲ್, ಒಂದು ತಿರುವು, ಎರಡು ಪಾಯಿಂಟ್. ಹೊರಗೆ ಸಿಕ್ಕರೆ ಮೂರು ಡ್ರಿಬಲ್ ಬೇಕು, ಒಂದೊಂದು ಡ್ರಿಬಲ್‌ಗೂ ಯಾರಾದರೊಬ್ಬರು ಬಂದು ಚೆಂಡಿಗೆ ಕೈ ಹಾಕುತ್ತಾರೆ. ಟೊರಾಂಟೊದ ಗಾರ್ಡ್ ಕೈಲ್ ಲೌರಿ ಆ ಕೆಲಸದಲ್ಲಿ ಪಳಗಿದವನು. ಅದೇ ತಂಡದ ಕವಾಯ್ ಲೆನಾರ್ಡ್‌ನ ಕೈಗಳ ಬಗ್ಗೆಯಂತೂ ಹೇಳೋದೇ ಬೇಡ. ಜೊತೆಗೆ ಬುಟ್ಟಿಗೆ ಬೆನ್ನು ಮಾಡಿ ಐದು ಸೆಕೆಂಡ್‌ಗಿಂತ ಹೆಚ್ಚು ಡ್ರಿಬಲ್ ಮಾಡುವಂತಿಲ್ಲ ಅನ್ನೋ ನಿಯಮ ಎನ್‌ಬಿಎಯಲ್ಲಿ ಇದೆ.

ಈ ಒತ್ತಡ ಹೇಗಿರುತ್ತೆ ಅಂತ ನಾನು ಮೈಯಲ್ಲೇ ಅನುಭವಿಸಿದ್ದೇನೆ. ಒಂದು ಅಂತರಕಾಲೇಜು ಪಂದ್ಯದಲ್ಲಿ ನನಗಿಂತ ಮೂರು ಇಂಚು ಕುಳ್ಳಗಿದ್ದ ಹುಡುಗ ನನ್ನನ್ನು ಕಾಯುತ್ತಿದ್ದ. ಅವನು ಒಂದು ಸಲವೂ ಎಗರಲಿಲ್ಲ. ತೊಡೆಯನ್ನು ನನ್ನ ತೊಡೆಯ ಹಿಂದೆ ಇಟ್ಟು ಸುಮ್ಮನೆ ಒತ್ತುತ್ತಿದ್ದ. ನಾನು ಪೂರ್ತಿ ಅವನ ಮೇಲೆ ಒರಗಿದಾಗ ಸರಕ್ಕನೆ ಹಿಂದೆ ಸರಿದ, ನಾನು ಚೆಂಡಿನ ಸಮೇತ ಕೂತೇಬಿಟ್ಟೆ. ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ಕಾಲು ಸರಿಸಿದ ತಪ್ಪು. ಕೊನೆಯ ಕ್ವಾರ್ಟರ್ ಹೊತ್ತಿಗೆ ನನ್ನ ಕಾಲಲ್ಲಿ ಕಸುವೇ ಇರಲಿಲ್ಲ. ಶಾಟ್‌ಗಳೆಲ್ಲ ರಿಮ್‌ನ ಮುಂಭಾಗಕ್ಕೆ ಬಡಿಯುತ್ತಿದ್ದವು.

ಗಸೋಲ್‌ನ ಇನ್ನೊಂದು ಗುಣ ತಾಳ್ಮೆ. 2018-19ರಲ್ಲಿ ಎಂಬೀಡ್ ಪಂದ್ಯಕ್ಕೆ ಸುಮಾರು 10 ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ಎಸೆಯುತ್ತಿದ್ದ. ಅದರಲ್ಲಿ ಎಷ್ಟೋ ಬಂದಿದ್ದು ಪಂಪ್ ಫೇಕ್ (ಶಾಟ್ ಹೊಡೆಯುವ ನಟನೆ) ನಂಬಿ ಎದುರಾಳಿ ಎಗರಿದ್ದರಿಂದ. ಗಸೋಲ್ ಕೈ ಎತ್ತಿ ನೆಲದ ಮೇಲೇ ನಿಲ್ಲುತ್ತಿದ್ದ, ಫೌಲ್ ಸಿಗುತ್ತಿರಲಿಲ್ಲ. ಫಿಲಡೆಲ್ಫಿಯಾದ ಬೆನ್ ಸಿಮನ್ಸ್ ಹೊರಗಿನಿಂದ ಶಾಟ್ ಹೊಡೆಯುವವನಲ್ಲ, ಹಾಗಾಗಿ ಅವನನ್ನು ಬಿಟ್ಟು ಇನ್ನೊಬ್ಬ ಟೊರಾಂಟೊ ಆಟಗಾರ ಪೇಂಟ್ (ಬುಟ್ಟಿಯ ಮುಂದಿನ ಬಣ್ಣದ ಜಾಗ) ಕಡೆ ಸರಿದು ನಿಂತರೂ ಟೊರಾಂಟೊಗೆ ನಷ್ಟವಿರಲಿಲ್ಲ. ನನ್ನ ಪ್ರಕಾರ ಇದು ಗಸೋಲ್‌ನಷ್ಟೇ ದೊಡ್ಡ ಕಾರಣ. 2001ಕ್ಕೆ ಮೊದಲು ಇಷ್ಟು ಸುಲಭವಾಗಿ ಹೀಗೆ ಸಹಾಯಕ್ಕೆ ನಿಲ್ಲಲು ಆಗುತ್ತಿರಲಿಲ್ಲ, ಜೋನ್ ಡಿಫೆನ್ಸ್‌ಗೆ (ಎದುರಾಳಿಯ ಬದಲು ಒಂದು ಜಾಗವನ್ನು ಕಾಯೋದಕ್ಕೆ) ಅವಕಾಶ ಸಿಕ್ಕಿದ್ದೇ ಆಮೇಲೆ.

ಪರಿಣಾಮ ಅಂಕಿಗಳಲ್ಲೇ ಇದೆ. ಆ ಸೀಸನ್‌ನಲ್ಲಿ 27.5 ಪಾಯಿಂಟ್ ಸರಾಸರಿ ಇದ್ದವನು 2019ರ ಪ್ಲೇಆಫ್‌ನಲ್ಲಿ (ಸೀಸನ್ ನಂತರದ ನಾಕೌಟ್ ಹಂತದಲ್ಲಿ) ಟೊರಾಂಟೊ ಎದುರು ಏಳು ಪಂದ್ಯಗಳಲ್ಲಿ 17.6ಕ್ಕೆ ಇಳಿದ. ಆ ಸರಣಿಯಲ್ಲಿ ಅವನಿಗೆ ಹುಷಾರಿರಲಿಲ್ಲ, ಅದನ್ನೂ ಹೇಳಬೇಕು. ಏಳನೇ ಪಂದ್ಯದಲ್ಲಿ ಕವಾಯ್ ಎಸೆದ ಚೆಂಡು ರಿಮ್ ಮೇಲೆ ನಾಲ್ಕು ಸಲ ಪುಟಿದು ಒಳಬಿದ್ದು 92-90 ಆದಾಗ ನಮ್ಮಲ್ಲಿ ಬೆಳಗಿನ ಹೊತ್ತು. ಎಂಬೀಡ್ ಅಳುತ್ತಾ ಹೋಗಿದ್ದನ್ನು ನೋಡಿ ನನಗೂ ಗಂಟಲು ಕಟ್ಟಿತ್ತು. ಆದರೆ ಅದೇ ವರ್ಷದ ನವೆಂಬರ್ 25ರಂದು ಟೊರಾಂಟೊದಲ್ಲಿ 11 ಶಾಟ್ ಎಸೆದು ಸೊನ್ನೆ ಪಾಯಿಂಟ್‌ಗೆ ಮುಗಿಸಿದ. ಅದಕ್ಕೆ ಬರೀ ಅನಾರೋಗ್ಯದ ಲೆಕ್ಕ ಸಾಲದು.

ಆಮೇಲೆ ಎಂಬೀಡ್ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಬುಟ್ಟಿಗೆ ಬೆನ್ನು ಮಾಡಿ ಗುದ್ದಾಡೋದನ್ನು ಕಡಿಮೆ ಮಾಡಿ, ಫ್ರೀ ಥ್ರೋ ಗೆರೆಯ ಹತ್ತಿರ ಚೆಂಡು ಹಿಡಿದು ಬುಟ್ಟಿಗೆ ಮುಖ ಮಾಡಿ ನಿಲ್ಲತೊಡಗಿದ. ಅಲ್ಲಿಂದ ಡಬಲ್ ಟೀಮ್ (ಒಬ್ಬನ ಮೇಲೆ ಇಬ್ಬರು ಬೀಳೋದು) ಯಾವ ಕಡೆಯಿಂದ ಬರುತ್ತಿದೆ ಅನ್ನೋದು ಕಣ್ಣೆದುರೇ ಕಾಣುತ್ತೆ. 2022-23ರಲ್ಲಿ 33.1 ಸರಾಸರಿಯೊಂದಿಗೆ ಎಂವಿಪಿ (ಸೀಸನ್‌ನ ಅತ್ಯಮೂಲ್ಯ ಆಟಗಾರ) ಆದ. ಮರುವರ್ಷ ಅವನ ಕೋಚ್ ಆಗಿ ಬಂದವರು ನಿಕ್ ನರ್ಸ್, ಟೊರಾಂಟೊದಲ್ಲಿ ಆ ಬಲೆ ಹೆಣೆದವರೇ.