ಶುಗರ್, ಬಿಪಿ, ಮಂಡಿ ನೋವು ಎಲ್ಲ ಒಟ್ಟಿಗೇ ಇವೆ. ನನ್ನನ್ನೇ ನಾನು ಬೈದುಕೊಳ್ಳುವುದನ್ನು ಹೇಗೆ ನಿಲ್ಲಿಸಲಿ?

ನಾನೂ ನಿಮ್ಮ ಸಾಲಿನವಳೇ. ಕಲಬುರಗಿಯವಳು. ಶುಗರ್, ಥೈರಾಯ್ಡ್, ಜೊತೆಗೆ ಸಂಧಿವಾತ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ, ಶುಗರ್‌ದು ಊಟದ ಜೊತೆ, ಕೀಲಿನದೊಂದು ವಾರಕ್ಕೊಮ್ಮೆ ಮಾತ್ರ. ಒಂದು ತಪ್ಪಿದರೂ ಸಾಕು, ತಲೆಯೊಳಗೆ ಒಬ್ಬ ಅತ್ತೆ ಕೂತು ದಿನವಿಡೀ ಬೈಯುತ್ತಿದ್ದಳು.

ಶುಗರ್ ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದೆ. ಒಂದು ಮೇ ತಿಂಗಳು, ಹೊರಗೆ 43 ಡಿಗ್ರಿ ಬಿಸಿಲು, ಸಂಜೆಯ ಶುಗರ್ 290 ಬಂತು. ಪಕ್ಕದಲ್ಲಿ ಬರೆದೆ: 'ಮಾವಿನ ಹಣ್ಣು ತಿಂದೆ. ನಾಚಿಕೆಗೆಟ್ಟವಳು.' ಮರುದಿನ 270. 'ಹಣ್ಣು ಮುಟ್ಟಿಲ್ಲ. ಆದರೂ ನನ್ನದೇ ತಪ್ಪು.' ಏನು ತಪ್ಪು ಅಂತ ಬರೆದಿರಲಿಲ್ಲ. ಗೊತ್ತಿದ್ದರಲ್ವಾ ಬರೆಯೋದು!

ಡಾಕ್ಟರ್ ಆ ಪುಟ ನೋಡಿ, 'ಸ್ಟಿರಾಯ್ಡ್ ಯಾವತ್ತು ಶುರು ಮಾಡಿದ್ರಿ?' ಅಂತ ಕೇಳಿದರು. ಬೆರಳು ಬಾತಿದ್ದಕ್ಕೆ ಬೆಳಿಗ್ಗೆ ಪ್ರೆಡ್ನಿಸೊಲೋನ್ ತಗೊಳ್ಳುತ್ತಿದ್ದೆ. ಸರಿಯಾಗಿ ಅದೇ ವಾರದಿಂದ ಅಂಕಿ ಏರಿತ್ತು. ಬೆಳಿಗ್ಗೆ ತಗೊಂಡರೆ ಖಾಲಿ ಹೊಟ್ಟೆಯ ಶುಗರ್‌ಗಿಂತ ಮಧ್ಯಾಹ್ನ, ಸಂಜೆಯದೇ ಜಾಸ್ತಿ ಏರುತ್ತದಂತೆ. ಒಂದು ರೋಗದ ಔಷಧಿ ಇನ್ನೊಂದನ್ನು ಕೆಣಕಿತ್ತು. ನಾನು ಮಾವಿನ ಹಣ್ಣಿನ ಮೇಲೆ ಕೇಸು ಹಾಕಿ ಕೂತಿದ್ದೆ. ಆಮೇಲೆ ಶುಗರ್ ಔಷಧಿಯ ಅಳತೆ ಬದಲಿಸಿದರು. (ನೀವೂ ಸ್ಟಿರಾಯ್ಡ್ ತಗೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅದು ಬೇರೆಯೇ ಅಪಾಯ.)

ಕ್ರಿಸ್ಟಿನ್ ನೆಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2003ರಲ್ಲಿ ತನ್ನ ಮೇಲೆ ತನಗಿರಬೇಕಾದ ಕರುಣೆಯನ್ನು ಮೂರು ಭಾಗ ಮಾಡಿ ವಿವರಿಸಿದರು. ತನ್ನ ಜೊತೆ ಮೆತ್ತಗೆ ನಡೆದುಕೊಳ್ಳುವುದು, ಕಷ್ಟ ತನಗೊಬ್ಬರಿಗೇ ಬಂದದ್ದಲ್ಲ ಅಂತ ನೆನಪಿಡುವುದು, ನೋವನ್ನು ಇದ್ದಷ್ಟೇ ನೋಡುವುದು. ಮೊದಲನೆಯದು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಎರಡನೆಯದನ್ನು ಆಸ್ಪತ್ರೆಯ ಸಾಲೇ ಕಲಿಸುತ್ತದೆ. ಮೂರನೆಯದು ನೋಟ್‌ಬುಕ್‌ನಿಂದ ಬಂತು. ಈಗ ಅಂಕಿಯ ಪಕ್ಕ ಬೈಗುಳ ಇಲ್ಲ, ನಡೆದದ್ದು ಮಾತ್ರ: 'ರಾತ್ರಿ ನಿದ್ದೆ ಇಲ್ಲ. ಬಲಗೈ ಎರಡು ಬೆರಳು ಬಾತಿವೆ. ಮದುವೆ ಊಟ, ಹೋಳಿಗೆ ಎರಡು.' ಡಾಕ್ಟರಿಗೂ ಇದೇ ಉಪಯೋಗಕ್ಕೆ ಬರುತ್ತದೆ. ನೀವು ಇಲ್ಲಿಂದಲೇ ಶುರು ಮಾಡಿ ನೋಡಿ.

ನನಗೆ ರೊಟ್ಟಿಯದೇ ದೊಡ್ಡ ಸಂಕಟವಾಗಿತ್ತು. ಬೆಳಿಗ್ಗೆ ಬೆರಳು ಮಡಚಲು ಒಂದು ತಾಸು ಬೇಕು, ಜೋಳದ ರೊಟ್ಟಿ ಬಡಿಯೋದೆಲ್ಲಿ? ಓಣಿಯ ಅಕ್ಕನೊಬ್ಬರಿಂದ ತರಿಸಲು ಶುರು ಮಾಡಿದಾಗ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ. ಈಗ ಇಳಿಯುತ್ತದೆ. ಅವರ ರೊಟ್ಟಿ ನನ್ನದಕ್ಕಿಂತ ತೆಳು. ಆ ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ.