ಈಡಿಪಸ್ ಪಾಠ: 'ಹಣೆಬರಹ ಸಾರ್' ಅಂದುಬಿಟ್ಟರೆ ಏನು ಮಾಡೋದು?

ನೀವು ಕೇಳಿರೋದು ಇಷ್ಟು: ಬಿ.ಎ. ಮಕ್ಕಳಿಗೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕ ಪಾಠ ಮಾಡಬೇಕು, ಆದರೆ ಕಥೆ ಕೇಳಿದ ಕೂಡಲೇ 'ಅವನ ಹಣೆಬರಹ ಸಾರ್' ಅಂತ ಮುಗಿಸಿಬಿಡುತ್ತಾರೆ, ಸ್ವಂತವಾಗಿ ಒಂದು ಸಾಲೂ ಬರೆಯೋದಿಲ್ಲ, ಏನು ಮಾಡಲಿ?

ನಾನು ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇದೇ ನಾಟಕ ಪಾಠ ಮಾಡುತ್ತೇನೆ. ಮೊದಲ ವರ್ಷ ನೋಟ್ಸ್ ಬರೆಸಿದೆ. ಪರೀಕ್ಷೆಯಲ್ಲಿ ಇಡೀ ಕ್ಲಾಸು 'ಈಡಿಪಸ್‌ನ ಕೋಪವೇ ಅವನ ದುರಂತಕ್ಕೆ ಕಾರಣ' ಅಂತ ಬರೆಯಿತು. ಬೋರ್ಡಿನ ಮೇಲೆ ನಾನು ಮಾಡಿದ್ದ ಕಾಗುಣಿತದ ತಪ್ಪೂ ಎಲ್ಲರ ಉತ್ತರದಲ್ಲೂ ಹಾಗೇ ಇತ್ತು. ಎರಡನೇ ವರ್ಷ ಬುದ್ಧಿವಂತಿಕೆ ಮಾಡಲು ಹೋಗಿ, ಕಥೆಯನ್ನು ಬಿಟ್ಟುಕೊಡದೆ ಪತ್ತೇದಾರಿ ಥರ ಓದಿಸಿದೆ. ಮದುವೆಯಾದವಳೇ ತಾಯಿ ಅಂತ ಗೊತ್ತಾದಾಗ ಹಿಂದಿನ ಬೆಂಚು ಕಿಸಕ್ಕೆಂದಿತು, ಮುಂದಿನ ಬೆಂಚು ಥೂ ಅಂದಿತು. ನಾಟಕ ಅಲ್ಲಿಗೆ ಸತ್ತುಹೋಯಿತು.

ಈಗ ಮೊದಲ ದಿನವೇ ಪೂರ್ತಿ ಕಥೆ ಹೇಳಿಬಿಡುತ್ತೇನೆ: ಥೀಬ್ಸ್‌ನ ರಾಜ ಲಾಯಸ್ ಮಗನ ಕೈಲೇ ಸಾಯುತ್ತಾನೆ ಅಂತ ದೇವವಾಣಿ ಆಗುತ್ತದೆ. ಹುಟ್ಟಿದ ಮಗುವಿನ ಕಾಲಿಗೆ ಮೊಳೆ ಚುಚ್ಚಿ, ಬೆಟ್ಟದಲ್ಲಿ ಬಿಟ್ಟು ಬಾ ಅಂತ ಕುರಿಗಾಹಿಯ ಕೈಗೆ ಕೊಡುತ್ತಾರೆ, ಅವನು ಅದನ್ನು ಕಾರಿಂತ್‌ನ ಕುರಿಗಾಹಿಗೆ ಕೊಟ್ಟು ಉಳಿಸುತ್ತಾನೆ. ಕಾರಿಂತ್‌ನಲ್ಲಿ ಬೆಳೆದ ಆ ಈಡಿಪಸ್ ತಿಳಿಯದೆ ಅಪ್ಪನನ್ನು ಕೊಂದು, ತಾಯಿ ಜೊಕಾಸ್ಟಾಳನ್ನೇ ಮದುವೆಯಾಗಿ ಥೀಬ್ಸ್‌ನ ರಾಜನಾಗುತ್ತಾನೆ. ಊರಿಗೆ ರೋಗ ಬಂದಾಗ ಲಾಯಸ್‌ನನ್ನು ಕೊಂದವನನ್ನು ಹುಡುಕಲು ಹೊರಟು, ಅದು ತಾನೇ ಅಂತ ಕಂಡುಕೊಳ್ಳುತ್ತಾನೆ. ಅಂದು ಈ ನಾಟಕ ನೋಡಿದ ಅಥೆನ್ಸಿನ ಜನಕ್ಕೂ ಕಥೆ ಮೊದಲೇ ಗೊತ್ತಿತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಇಡುತ್ತಾರಲ್ಲ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಪದ್ಯ ಕಲಿತು. ಕರ್ಣ ಸಾಯುತ್ತಾನೆ ಅಂತ ಅಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಕುಂತಿ ಅವನ ಹತ್ತಿರ ಬರುವ ಸೀನಿಗಾಗಿ ಚಾಪೆ ಹಾಸಿಕೊಂಡು ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಈ ಮಾತು ಆಡಿದರೆ ಸಾಕು, 'ಕರ್ಣನ್ನೂ ಹುಟ್ಟಿದ ಕೂಡಲೇ ಬಿಟ್ಟುಬಿಟ್ಟರು ಅಲ್ವಾ ಸಾರ್' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ ಬಿಡಿ. ಆದರೆ ಹೋಲಿಕೆಯಲ್ಲೇ ನಿಲ್ಲಬೇಡಿ, ವ್ಯತ್ಯಾಸ ಕೇಳಿ. ಕರ್ಣನಿಗೆ ಹುಟ್ಟಿನ ಗುಟ್ಟನ್ನು ಬೇರೆಯವರು ಬಂದು ಹೇಳುತ್ತಾರೆ. ಈಡಿಪಸ್ ತಾನೇ ಕೆದಕಿ ಕೆದಕಿ ತೆಗೆಯುತ್ತಾನೆ.

(ಗ್ರೀಕ್ ನಾಟಕಕ್ಕೂ ನಮ್ಮ ಮಹಾಭಾರತದ ಕಥೆಗೂ ಎಲ್ಲಿಂದೆಲ್ಲಿಗೆ ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ನಕ್ಕರೆ, ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ 1929ರಲ್ಲೇ ಇದೇ ಸೊಫೊಕ್ಲಿಸ್‌ನ ಇನ್ನೊಂದು ನಾಟಕವನ್ನು 'ಅಶ್ವತ್ಥಾಮನ್' ಮಾಡಿದ್ದರು ಅಂತ ಹೇಳಿ.)

ಈಗ ಹಣೆಬರಹದ ವಿಚಾರಕ್ಕೆ ಬರೋಣ. ಅದನ್ನು ತಪ್ಪು ಅನ್ನಬೇಡಿ, ಮಕ್ಕಳು ಮತ್ತೆ ಬಾಯಿ ಬಿಡುವುದಿಲ್ಲ. ಒಂದು ಪ್ರಶ್ನೆ ಕೇಳಿ, ಸಾಕು: ನಾಟಕ ಶುರುವಾಗುವ ಹೊತ್ತಿಗೆ ಅಪ್ಪನನ್ನು ಕೊಂದಾಗಿದೆ, ತಾಯಿಯನ್ನು ಮದುವೆಯಾಗಿ ನಾಲ್ಕು ಮಕ್ಕಳೂ ಆಗಿವೆ, ಅಂದರೆ ಡೆಲ್ಫಿಯ ಅಪೊಲೊ ದೇವರ ಗುಡಿಯ ದೇವವಾಣಿ ಹೇಳಿದ್ದೆಲ್ಲ ನಡೆದುಹೋಗಿ ವರ್ಷಗಳೇ ಆಗಿವೆ, ಹಾಗಿದ್ದರೆ ಇವತ್ತು ನಮ್ಮ ಕಣ್ಣೆದುರು ನಡೆಯುತ್ತಿರುವುದೇನು? ಸ್ವಲ್ಪ ಹೊತ್ತು ಕ್ಲಾಸು ಸುಮ್ಮನಿರುತ್ತದೆ. ಆಮೇಲೆ ಯಾರೋ 'ಅವನು ಪ್ರಶ್ನೆ ಕೇಳ್ತಾ ಇದಾನೆ ಸಾರ್' ಅನ್ನುತ್ತಾರೆ. ಅಪ್ಪನನ್ನು ಕೊಲ್ಲುತ್ತೀಯ ಅಂತ ದೇವವಾಣಿ ಹೇಳಿತ್ತು. ಊರಿನ ರೋಗ ಹೋಗಬೇಕಾದರೆ ಲಾಯಸ್‌ನನ್ನು ಕೊಂದವನನ್ನು ಹುಡುಕಿ ಹೊರಹಾಕಿ ಅಂತಲೂ ಈಗ ಹೇಳಿದೆ. ಆದರೆ ನೀನು ಯಾರ ಮಗ ಅಂತ ಕೆದಕು ಅಂತ ಹೇಳಿತ್ತಾ?

ಆಗ ಬೋರ್ಡಿನ ಮೇಲೆ ಮೂರು ಹೆಸರು ಬರೆಯುತ್ತೇನೆ. ಭವಿಷ್ಯ ಹೇಳುವ ಕುರುಡ ಟೈರೀಸಿಯಸ್, ರಾಣಿ ಜೊಕಾಸ್ಟಾ, ಮುದುಕ ಕುರಿಗಾಹಿ. ಮೂವರೂ ಒಂದಲ್ಲ ಒಂದು ರೀತಿ 'ಬಿಟ್ಟುಬಿಡು, ಕೇಳಬೇಡ' ಅನ್ನುವವರೇ. ಆ ಮಾತು ಎಲ್ಲಿ ಬರುತ್ತದೆ ಅಂತ ಹುಡುಕಿ ಗೆರೆ ಎಳೆಯಲಿ. ಪ್ರತಿ ಜಾಗದಲ್ಲೂ ಅವನು ನಿಲ್ಲಿಸಬಹುದಿತ್ತಾ ಅಂತ ಜಗಳವಾಡಲಿ. ಒಂದು ವರ್ಷ ಒಬ್ಬ ಹುಡುಗಿ, ನಿಲ್ಲಿಸಿದರೆ ಊರಲ್ಲಿ ಜನ ರೋಗದಿಂದ ಸಾಯುತ್ತಲೇ ಇರುತ್ತಾರಲ್ಲ ಅಂದಳು. ಸರಿ. ಅದಕ್ಕೆ ಇನ್ನೊಬ್ಬ, ಕಾರಿಂತ್‌ನಿಂದ ದೂತ ಬಂದ ಮೇಲೆ ಇವನು ರೋಗದ ಮಾತನ್ನೇ ಎತ್ತೋದಿಲ್ಲ, ಕೊಂದವನು ಯಾರು ಅನ್ನೋದು ಹೋಗಿ ನಾನು ಯಾರ ಮಗ ಅನ್ನೋದೇ ಜಾಸ್ತಿಯಾಯಿತು ಅಂದ. ಅಷ್ಟು ವರ್ಷ ಪಾಠ ಮಾಡಿದ ನನಗೇ ಅದು ಹೊಳೆದಿರಲಿಲ್ಲ.

ಜೋರಾಗಿ ಓದಿಸಲೇಬೇಕಾದ ಒಂದು ಜಾಗ ಇದೆ. ಭವಿಷ್ಯವನ್ನೆಲ್ಲ ನಂಬಬೇಡ ಅಂತ ಜೊಕಾಸ್ಟಾ ಗಂಡನಿಗೆ ಸಮಾಧಾನ ಹೇಳುತ್ತಾಳೆ. ಲಾಯಸ್ ಮಗನ ಕೈಲಿ ಸಾಯುತ್ತಾನೆ ಅಂದಿದ್ದರು, ಆದರೆ ಮೂರು ದಾರಿ ಕೂಡುವ ಜಾಗದಲ್ಲಿ ಯಾರೋ ಕಳ್ಳರು ಕೊಂದರು ಅನ್ನುತ್ತಾಳೆ. ಅವಳು ಮುಂದೆ ಮಾತಾಡುತ್ತಲೇ ಇರುತ್ತಾಳೆ, ಇವನ ಕಿವಿ ಮಾತ್ರ 'ಮೂರು ದಾರಿ' ಅನ್ನುವಲ್ಲೇ ನಿಂತುಬಿಟ್ಟಿದೆ. ಇಬ್ಬರನ್ನು ಎದುರುಬದುರು ಕೂರಿಸಿ ಓದಿಸಿ, ಈಡಿಪಸ್ ಆದವನು ಆ ಮಾತು ಕೇಳಿದ ಕ್ಷಣ ಪುಸ್ತಕ ಕೆಳಗಿಡಲಿ. ಅಷ್ಟೇ ಅಭಿನಯ. ಸಮಾಧಾನ ಹೇಳಲು ಬಂದ ಮಾತೇ ಬೆಂಕಿ ಹಚ್ಚಿತು ಅಂತ ಆಮೇಲೆ ನೀವು ಬಿಡಿಸಿ ಹೇಳಬೇಕಾಗಿಲ್ಲ.

ಬರವಣಿಗೆಗೆ ನಾನು ಕೊಡುವುದು ಕುರಿಗಾಹಿಯನ್ನು. ರಾಜನ ಬಗ್ಗೆ ಬರಿ ಅಂದರೆ ಗೈಡಿನ ಭಾಷೆ ಬರುತ್ತದೆ, ಅವನ ಬಗ್ಗೆ ಗೈಡಿನಲ್ಲಿ ಏನೂ ಇರುವುದಿಲ್ಲ. ನಮ್ಮಲ್ಲಿ ಶಿರಾ, ಪಾವಗಡ ಕಡೆಯಿಂದ ಬರುವ ಮಕ್ಕಳಲ್ಲಿ ಮನೆಯಲ್ಲಿ ಕುರಿ ಇರುವವರು ಇದ್ದೇ ಇರುತ್ತಾರೆ. ನಾಟಕದಲ್ಲಿ ಥೀಬ್ಸ್‌ನವನೊಬ್ಬ, ಕಾರಿಂತ್‌ನವನೊಬ್ಬ ಸಿಥೈರಾನ್ ಬೆಟ್ಟದಲ್ಲಿ ಮೂರು ವರ್ಷ, ಪ್ರತಿ ಸಲ ಆರಾರು ತಿಂಗಳು, ಅಕ್ಕಪಕ್ಕ ಮಂದೆ ಮೇಯಿಸಿರುತ್ತಾರೆ, ಚಳಿ ಬಂದಾಗ ಅವರವರ ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಾರೆ. ಒಂದು ರಾಜ್ಯದ ಮಗು ಇನ್ನೊಂದು ರಾಜ್ಯ ಸೇರಿದ್ದು ಹೀಗೆ. ನಾನು ಇದನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತಿದ್ದೆ. ಒಬ್ಬ ಹುಡುಗ ತಡೆದು, ಮಂದೆ ಹೊಡೆದುಕೊಂಡು ಹೋದಾಗ ಬೇರೆ ಊರಿನವರ ಜೊತೆ ಹೇಗೆ ನೆಂಟಸ್ತನ ಬೆಳೆಯುತ್ತದೆ ಅಂತ ಹತ್ತು ನಿಮಿಷ ಹೇಳಿದ. ಕೊನೆಗೆ, 'ಕಾಲಿಗೆ ಮೊಳೆ ಚುಚ್ಚಿದ ಮರಿ ಕೈಗೆ ಕೊಟ್ಟರೆ ಯಾವನು ಸಾರ್ ಬಿಟ್ಟು ಬರ್ತಾನೆ' ಅಂದ. ಮಗು ಅನ್ನುವ ಬದಲು ಮರಿ ಅಂದಿದ್ದ, ಯಾರೂ ನಗಲಿಲ್ಲ.

ಅವತ್ತು ಕೊಟ್ಟ ಪ್ರಶ್ನೆಯನ್ನೇ ಈಗಲೂ ಕೊಡುತ್ತೇನೆ: ನೀನೇ ಆ ಕುರಿಗಾಹಿ, ರಾಜನ ಆಳುಗಳು ನಿನ್ನ ಕೈ ತಿರುಚುತ್ತಿದ್ದಾರೆ, ಅಂದು ಮಗುವನ್ನು ಉಳಿಸಿದ್ದು ಯಾಕೆ ಅಂತ ಹೇಳು, ಒಂದು ಪುಟ. ನಾಟಕದಲ್ಲಿ ಅವನು ಹೇಳುವುದು 'ಕರುಣೆ ಬಂತು' ಅಂತಷ್ಟೇ. ಕೋಪದಿಂದ ಅಲ್ಲ, ಯಾರದೋ ಕರುಣೆಯಿಂದ ಇಷ್ಟೆಲ್ಲ ಆಯಿತು ಅನ್ನುವುದು ಮಕ್ಕಳ ಬರವಣಿಗೆಯಲ್ಲಿ ತಾನಾಗಿ ಬರುತ್ತದೆ. ಕಾಗುಣಿತ ತಿದ್ದಬೇಡಿ, ಆ ಒಂದು ಪುಟಕ್ಕಾದರೂ.

ಪರೀಕ್ಷೆಯಲ್ಲಿ ಅರಿಸ್ಟಾಟಲ್‌ನ ಹಮಾರ್ಷಿಯಾ, ಅಂದರೆ ದುರಂತ ನಾಯಕನನ್ನು ಬೀಳಿಸುವ ತಪ್ಪು, ಬಂದೇ ಬರುತ್ತದೆ. ಅದನ್ನು 'ಸ್ವಭಾವದ ದೋಷ' ಅಂತ ಬರೆಸಬೇಡಿ, ಗುರಿ ತಪ್ಪುವುದು ಅನ್ನುವ ಅರ್ಥದಿಂದ ಬಂದ ಮಾತು ಅದು. ತಿಳಿಯದೆ ಆದ ತಪ್ಪು ಅನ್ನುವುದು ಹತ್ತಿರ. ಕೊನೆಯಲ್ಲಿ ತನ್ನ ಕಣ್ಣನ್ನು ತಾನೇ ಚುಚ್ಚಿಕೊಂಡ ಈಡಿಪಸ್, ಇದನ್ನು ಮಾಡಿಸಿದ್ದು ಅಪೊಲೊ, ಆದರೆ ಕಣ್ಣು ಚುಚ್ಚಿದ ಕೈ ನನ್ನದೇ ಅನ್ನುತ್ತಾನೆ. 'ಹಣೆಬರಹ ಸಾರ್' ಅಂದವನ ಕೈಲೇ ಆ ಸಾಲು ಓದಿಸಿ, ಏನನ್ನಿಸಿತು ಅಂತ ಅವನನ್ನೇ ಕೇಳಿ.

ಸಿಲಬಸ್ ಓಡಿಸಬೇಕು, ಎರಡೇ ಪೀರಿಯಡ್ ಇದೆ ಅಂದರೆ ಮೂರು ದಾರಿಯ ಸೀನು, ಕುರಿಗಾಹಿಯ ಸೀನು ಎರಡನ್ನು ಮಾತ್ರ ಮಾಡಿ. ರಾಣಿಯ ಸೋದರ ಕ್ರೆಯಾನ್ ಜೊತೆ ಈಡಿಪಸ್ ಆಡುವ ಜಗಳ ಮನೆಯಲ್ಲಿ ಓದಿಕೊಳ್ಳಲಿ.